ಹಳದಿ ಹೊಟ್ಟೆಯ ಭೀಮಸೇನ

ಇರುವೆ ಹಿಡಿಯುವುದೂ ಒಂದು ವಿದ್ಯೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಇರುವೆಗಳನ್ನು ನಾವು ಹಿಡಿಯಬೇಕಾಗಿರಲಿಲ್ಲ, ಅವೇ ನಮ್ಮನ್ನು ಹಿಡಿಯುತ್ತಿದ್ದವು. ಬಡಾವಣೆ ಆಗಷ್ಟೇ ಕಣ್ಣು ಬಿಡುತ್ತಿತ್ತು. ನಾಲ್ಕು ಸೈಟಿಗೆ ಒಂದು ಮನೆ. ಉಳಿದ ಮೂರು ಸೈಟಿನ ಇರುವೆಗಳೂ ಆ ಒಂದು ಮನೆಯ ಸಕ್ಕರೆ ಡಬ್ಬಿಗೇ ಬರಬೇಕು! ಹಾಗಾಗಿ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಭೀಮಸೇನರಾಯರು ನನ್ನನ್ನು ಕರೆದು, ಇರುವೆಗಳ ಸಮೀಕ್ಷೆ ಮಾಡಿ ಎಂದಾಗ, ಊಟಕ್ಕೆ ಕರೆದವರಿಗೆ ಒಪ್ಪುವಷ್ಟು ಸಲೀಸಾಗಿ ಒಪ್ಪಿಕೊಂಡೆ.

ನಾನು ಅಲ್ಲಿ ಹಂಗಾಮಿ ಡೆಮಾನ್‌ಸ್ಟ್ರೇಟರ್. ಹಂಗಾಮಿ ಎಂದರೆ, ಬೇಸಿಗೆ ರಜೆ ಬಂದ ಕೂಡಲೇ ಕೆಲಸ ಹೋಗುವುದು, ಕಾಲೇಜು ತೆರೆದಾಗ ರಾಯರಿಗೆ ಮನಸ್ಸಾದರೆ ಮತ್ತೆ ಬರುವುದು. ಮದುವೆಯಾದಂದಿನಿಂದ ಪ್ರತಿ ಬೇಸಿಗೆಯನ್ನೂ ನಾನು, ನನ್ನ ಹೆಂಡತಿ ಕಮಲ ಮಾವನವರ ಮನೆಯಲ್ಲಿ ಕಳೆದಿದ್ದೆವು. "ಎಷ್ಟು ದಿನ ಇರ್ತೀರಿ?" ಎಂದು ಮಾವ ಒಮ್ಮೆಯೂ ಕೇಳಲಿಲ್ಲ. ದೊಡ್ಡ ಮನುಷ್ಯರು. ನನಗೆ ಬಡಿಸುವ ಮಾವಿನ ಹಣ್ಣು ಮಾತ್ರ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿತ್ತು.

"ನೋಡ್ರೀ ಸೀತಾರಾಮಯ್ಯ," ಎಂದರು ರಾಯರು. "ಅತ್ತ ಬನ್ನೇರುಘಟ್ಟದ ಕಾಡಿದೆ. ಇತ್ತ ಯಡಿಯೂರು ದಾಟಿ ಬನಶಂಕರಿ ಕಡೆ ಹೋದ್ರೆ ನೀಲಗಿರಿ ತೋಪಿದೆ. ದೇವರು ಬೆಳೆಸಿದ ಕಾಡಲ್ಲಿ ಎಷ್ಟು ಬಗೆ ಇರುವೆ, ಮನುಷ್ಯ ನೆಟ್ಟ ತೋಪಲ್ಲಿ ಎಷ್ಟು ಬಗೆ? ಎರಡು ಕಡೆನೂ ಒಂದೇ ಥರ ಹಿಡೀಬೇಕು. ಮುಂದಿನ ತಿಂಗಳು ಮದರಾಸಿಂದ ದೊಡ್ಡ ವಿದ್ವಾಂಸರು ಬರ್ತಾರೆ. ಅವರ ಮುಂದೆ ಪ್ರಬಂಧ ಓದಿ. ಸರಿಹೋದ್ರೆ ನಿಮ್ಮನ್ನ ಲೆಕ್ಚರರ್ ಅಂತ ಖಾಯಂ ಮಾಡಿಸ್ತೀನಿ."

"ಸರಿಹೋಗದಿದ್ರೆ, ಸಾರ್?"

"ಬೇಸಿಗೆ ರಜ ಇದ್ದೇ ಇದೆಯಲ್ಲ."

ನನ್ನ ಕಣ್ಣ ಮುಂದೆ ನಿಂಬೆಹಣ್ಣಿನ ಗಾತ್ರದ ಮಾವಿನ ಹಣ್ಣೊಂದು ಬಂದು ನಿಂತಿತು. ನೇರವಾಗಿ ಲೈಬ್ರರಿಗೆ ಹೋಗಿ ವಿಲಾಯತಿಯ ದಪ್ಪ ಪುಸ್ತಕವೊಂದನ್ನು ತಂದೆ.

ಅದರ ಪ್ರಕಾರ ಇರುವೆ ಹಿಡಿಯಲು ಹಲವು ಮಾರ್ಗಗಳಿದ್ದವು. ನೆಲದಲ್ಲಿ ಬಾಟಲಿ ಹೂಳುವುದು, ಓಡಾಡುವ ಇರುವೆ ಅದರಲ್ಲಿ ಬೀಳುತ್ತದೆ. ಬೆಲ್ಲ ಇಟ್ಟು ಕಾಯುವುದು. ತರಗೆಲೆಯನ್ನು ಆಲಿಕೆಯಲ್ಲಿ ತುಂಬಿ ಮೇಲೆ ಬಲ್ಬು ಉರಿಸುವುದು, ಬಿಸಿ ತಾಳದ ಇರುವೆ ಕೆಳಗಿನ ಸೀಸೆಗೆ ಇಳಿಯುತ್ತದೆ. ಇನ್ನು ಮರದ ಮೇಲಿನ ಇರುವೆಗೆ ಛತ್ರಿ.

"ಇರುವೆ ಹಿಡಿಯೋಕೆ ಛತ್ರಿ ಯಾಕ್ರೀ?" ಎಂದಳು ಕಮಲ.

"ಬಿಚ್ಚಿ, ತಲೆಕೆಳಗು ಮಾಡಿ, ಕೊಂಬೆ ಕೆಳಗೆ ಹಿಡಿಯೋದು. ಕೊಂಬೆಗೆ ಕೋಲಲ್ಲಿ ಬಡಿದ್ರೆ ಇರುವೆಗಳೆಲ್ಲ ಛತ್ರಿ ಒಳಕ್ಕೆ ಉದುರುತ್ತವೆ. ವಿಜ್ಞಾನ!"

"ಮಳೆ ಬಂದ್ರೆ?"

"ಛತ್ರಿ ಇದೆಯಲ್ಲೇ!" ಎಂದು ನಾನು ನಕ್ಕೆ.

ಭಾನುವಾರ ಕಾಡಿಗೆ ಹೋದೆ. ಉಪ್ಪಿನಕಾಯಿ ಬಾಟಲಿಗಳನ್ನು ಶಿಸ್ತಾಗಿ ಸಾಲಾಗಿ ಹೂಳಿದೆ. ಬಾಟಲಿಯ ಬಾಯಿ ನೆಲದ ಮಟ್ಟಕ್ಕೇ ಇರಬೇಕೆಂಬ ಸಾಲು ಪುಸ್ತಕದ ಮುಂದಿನ ಪುಟದಲ್ಲಿತ್ತು. ನಾನು ಆ ಪುಟ ತಿರುಗಿಸಿರಲಿಲ್ಲ. ನನ್ನ ಬಾಟಲಿಗಳು ನೆಲದಿಂದ ಎರಡು ಬೆರಳು ಮೇಲೆ ಕತ್ತು ಚಾಚಿ ನಿಂತಿದ್ದವು. ಇರುವೆಗಳು ಬಂದು, ಕತ್ತೆತ್ತಿ ನೋಡಿ, ಪಕ್ಕದಿಂದ ಹಾದು ಹೋದವು.

ಪರವಾಗಿಲ್ಲ, ಛತ್ರಿಯಿದೆ! ಮರವೊಂದರಲ್ಲಿ ಎಲೆ ಹೊಲಿದು ಕಟ್ಟಿದ ಕೆಂಜಿಗದ ಗೂಡುಗಳು ತೂಗುತ್ತಿದ್ದವು. ಕೆಳಗೆ ಛತ್ರಿ ಹಿಡಿದು, ಮೇಲೆ ಕೋಲಿನಿಂದ ಬಡಿದೆ. ಆಹಾ! ಕೆಂಪು ಕೆಂಜಿಗ, ಕಪ್ಪು ಕಟ್ಟಿರುವೆ, ಹೆಸರೇ ಗೊತ್ತಿಲ್ಲದ ನಾನಾ ಬಗೆಯ ಇರುವೆಗಳು ಛತ್ರಿಯೊಳಗೆ ಬುಳುಬುಳು ಎಂದು ಓಡಾಡತೊಡಗಿದವು. ಲೆಕ್ಚರರ್ ಸೀತಾರಾಮಯ್ಯ! ಖಾಯಂ ಸೀತಾರಾಮಯ್ಯ! ಹಾಗೆ ಹಿಗ್ಗುತ್ತಿರುವಾಗಲೇ ಧೋ ಎಂದು ಮಳೆ ಸುರಿಯಿತು.

ಮಳೆ ಬಂದಾಗ ಕೈಯಲ್ಲಿ ಛತ್ರಿ ಇದ್ದವನು ಏನು ಮಾಡುತ್ತಾನೆ? ತಲೆಯ ಮೇಲೆ ಹಿಡಿಯುತ್ತಾನೆ. ನಾನೂ ಹಿಡಿದೆ.

ಮುಂದಿನದನ್ನು ವಿವರಿಸಲು ಭಾಷೆ ಸಾಲದು. ಅಂಗಿ ಒಂದು ಕಡೆ, ಬನಿಯನ್ನು ಒಂದು ಕಡೆ, ನಾನು ಮೂರು ಕಡೆ! ದನ ಅಟ್ಟಿಕೊಂಡು ಹೋಗುತ್ತಿದ್ದ ಗೌಡರೊಬ್ಬರು ಮರದ ಕೆಳಗೆ ನಿಂತು ನನ್ನ ಕುಣಿತವನ್ನು ಬಹಳ ಗೌರವದಿಂದ ನೋಡಿ, "ಮೈಮೇಲೆ ಯಾವ್ ದೇವ್ರು ಬರ್ತದೆ ಸಾಮಿ?" ಎಂದು ವಿಚಾರಿಸಿದರು. ಕೊನೆಗೆ ಸೀಸೆಯಲ್ಲಿ ಉಳಿದದ್ದು ಐದು ಬಗೆಯ ಇರುವೆ. ನನ್ನನ್ನು ಕಚ್ಚಿದ ಬಗೆಗಳು ಹೆಸರು ಹೇಳದೆ ಹೊರಟುಹೋದವು.

ಒಂದು ಚೀಲ ತರಗೆಲೆ ತಂದಿದ್ದೆನಲ್ಲ, ಅದನ್ನು ಮನೆಯ ಆಲಿಕೆಯಲ್ಲಿ ತುಂಬಿ ಬಲ್ಬು ಹಚ್ಚಿದೆ. ಅದು ಸೀಮೆಎಣ್ಣೆ ಆಲಿಕೆ. ವಾಸನೆಗೆ ಹೆದರಿದ ಕಾಡಿರುವೆಗಳು ಕೆಳಗಿಳಿಯುವ ಬದಲು ಮೇಲೆ ಹತ್ತಿ, ಗೋಡೆ ಹಿಡಿದು, ಅಡಿಗೆಮನೆ ಸೇರಿದವು. ಆ ವಾರ ನಮ್ಮ ಸಾರಿನಲ್ಲಿ ಬನ್ನೇರುಘಟ್ಟವಿತ್ತು. ಕಮಲ ಮಾತಾಡಲಿಲ್ಲ, ಪಾತ್ರೆಗಳು ಮಾತಾಡಿದವು.

ಹೀಗೆ ಕಾಡಿನ ಸಮೀಕ್ಷೆ ಯಶಸ್ವಿಯಾಗಿ ಮುಗಿಯಿತು. ತೋಪಿಗೆ ಹೋಗಲು ಒಂದು ರಜೆ ಬೇಕಿತ್ತು. ಅಷ್ಟರಲ್ಲಿ ನಾಗರ ಪಂಚಮಿ ಬಂತು.

ಬೆಳಿಗ್ಗೆಯೇ ಕಮಲ ಮಡಿಯುಟ್ಟು, ಅಕ್ಕಪಕ್ಕದ ಹೆಂಗಸರ ಜೊತೆ ಹುತ್ತಕ್ಕೆ ತನಿ ಎರೆಯಲು ಹೊರಟಳು. ತಟ್ಟೆಯಲ್ಲಿ ಚಿಗಳಿ, ತಂಬಿಟ್ಟು, ಬಾಳೆಹಣ್ಣು, ಒಂದು ದೊಡ್ಡ ತಂಬಿಗೆ ಹಾಲು.

"ನೀವೂ ಬನ್ರೀ. ಹಬ್ಬದ ದಿನ ಒಂದು ನಮಸ್ಕಾರ ಹಾಕಿದ್ರೆ ಏನು ಹೋಗುತ್ತೆ?"

"ಕಮಲಾ, ನಾನು ವಿಜ್ಞಾನಿ. ಹುತ್ತ ಕಟ್ಟೋದು ಗೆದ್ದಲು. ಅದಕ್ಕೆ ನಮಸ್ಕಾರ ಮಾಡೋಕೆ ನನಗೆ ಪುರುಸೊತ್ತಿಲ್ಲ."

ಮಧ್ಯಾಹ್ನ ಊಟವಾದ ಮೇಲೆ ಸೈಕಲ್ಲಿನಲ್ಲಿ ತೋಪಿಗೆ ಹೋದೆ. ನೀಲಗಿರಿಯ ಒಣ ಎಲೆ ಬಿಟ್ಟರೆ ಅಲ್ಲಿ ಏನೂ ಇಲ್ಲ. ಬಡಿದೆ, ಕೆದಕಿದೆ, ಇರುವೆಯ ಸುಳಿವಿಲ್ಲ. ಬರಿಗೈಯಲ್ಲಿ ರಾಯರ ಮುಂದೆ ನಿಲ್ಲುವುದು ಹೇಗೆ? ಅಷ್ಟರಲ್ಲಿ ತೋಪಿನ ಅಂಚಿನಲ್ಲಿ ಒಂದು ಹುತ್ತ ಕಂಡಿತು. ಅದರ ಸುತ್ತ ಇರುವೆಗಳ ಜಾತ್ರೆ! ದೊಡ್ಡವು, ಚಿಕ್ಕವು, ಕರಿಯವು, ಕೆಂಪನೆಯವು, ಸಾಲು ಸಾಲಾಗಿ ಬರುತ್ತಿದ್ದವು, ಹೋಗುತ್ತಿದ್ದವು.

ಹುತ್ತದ ಮೇಲೆ ಹೂವು, ಬಾಳೆಹಣ್ಣಿನ ಸಿಪ್ಪೆ, ಎಳ್ಳಿನ ಚೂರು ಇತ್ಯಾದಿ ಬಿದ್ದಿದ್ದವು. ಸಮೀಕ್ಷೆಯ ಸ್ಥಳ ಶುದ್ಧ ನೈಸರ್ಗಿಕವಾಗಿರಬೇಕಷ್ಟೆ? ಎಲ್ಲವನ್ನೂ ಬಳಿದು ಆಚೆ ಎಸೆದೆ. ಒಂದು ಚಿಗಳಿ ಉಂಡೆ ಚೆನ್ನಾಗಿತ್ತು, ಬಾಯಿಗೆ ಹಾಕಿಕೊಂಡೆ. ಆಮೇಲೆ ಬಾಟಲಿಗಳನ್ನು ಈ ಸಲ ನೆಲದ ಮಟ್ಟಕ್ಕೇ ಹೂಳಿ, ಬೆಲ್ಲವಿಟ್ಟು, ಸಂಜೆಯವರೆಗೆ ಕಾದೆ. ಹದಿನೆಂಟು ಬಗೆ ಸಿಕ್ಕವು!

ಅಷ್ಟೇ ಅಲ್ಲ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ, ಅಕ್ಕಿನುಚ್ಚಿನಷ್ಟೂ ಇಲ್ಲದ ಒಂದು ಪುಟ್ಟ ಇರುವೆಗೆ ಹೊಟ್ಟೆ ಹಳದಿ! ಬೆಳಕಿಗೆ ಹಿಡಿದರೆ ಚಿನ್ನದ ಗುಂಡಿನಂತೆ ಹೊಳೆಯುತ್ತಿತ್ತು. ವಿಲಾಯತಿ ಪುಸ್ತಕವನ್ನು ಹಿಂದುಮುಂದಾಗಿ ತಿರುವಿದೆ. ಇಂಥ ಇರುವೆಯ ಮಾತೇ ಇಲ್ಲ. ಹೊಸ ಪ್ರಭೇದ! ಲೋಕಕ್ಕೆ ಗೊತ್ತಿಲ್ಲದ ಜೀವಿ, ಯಡಿಯೂರಿನ ಆಚೆ, ನನ್ನ ಕೈಗೆ!

ಕಮಲ ಬಗ್ಗಿ ನೋಡಿದಳು. "ಎಲ್ಲಿ ಸಿಕ್ತು? ತೋಪಿನ ಹುತ್ತದ ಹತ್ರಾನಾ? ಅಲ್ಲಾ ರೀ, ಆ ಹುತ್ತಕ್ಕೆ ಬೆಳಿಗ್ಗೆ ನಾವು..."

"ಶ್! ಲೋಕವೇ ಬೆರಗಾಗೋ ಹೊತ್ತಲ್ಲಿ ಹಬ್ಬದ ಸುದ್ದಿ ಬೇಡ."

"ಸರಿ ಬಿಡಿ," ಎಂದು ಅವಳು ಒಳಗೆ ಹೋದಳು. ಅವಳು ಅಷ್ಟು ಬೇಗ ಸೋಲೊಪ್ಪಿದ್ದು ಕಂಡಾಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಕಾಲೇಜಿನಲ್ಲಿ ನನ್ನ ನಡಿಗೆಯೇ ಬೇರೆ. ಹಳದಿ ಇರುವೆಗಳನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಸೀಸೆಗೆ ಮೇಣದ ಮುದ್ರೆ ಹಾಕಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿದೆ. ರಾಯರ ಮುಂದೆ ಕೈಕಟ್ಟಿ ನಿಂತು, "ಈ ಪ್ರಭೇದಕ್ಕೆ ತಮ್ಮ ಹೆಸರನ್ನೇ ಇಡಬೇಕೆಂದಿದ್ದೇನೆ, ಸಾರ್" ಎಂದೆ. ರಾಯರದು ಬಾಗಿಲಿಗೆ ಅಡ್ಡ ನಿಂತರೆ ಕೋಣೆ ಕತ್ತಲಾಗುವಂಥ ಮೈಕಟ್ಟು. ಆ ಕಣ್ಣಿಗೆ ಕಾಣದ ಇರುವೆಗೆ ಭೀಮಸೇನನೆಂದು ಹೆಸರು! ಅವರ ಕಣ್ಣು ತೇವವಾಯಿತು. "ಇಷ್ಟು ದಿನ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ," ಎಂದು ನನಗೆ ಕಾಫಿ ತರಿಸಿದರು. ಇಡೀ ತಿಂಗಳು ನಾನು ದಿನಾ ಅವರ ಕೋಣೆಯಲ್ಲೇ ಕಾಫಿ ಕುಡಿದೆ.

ಸಭೆಯ ದಿನ ಬಂತು. ಮದರಾಸಿನ ವಿದ್ವಾಂಸರು ಹುಟ್ಟಿನಿಂದ ನಮ್ಮ ಕೋಲಾರದ ಕಡೆಯವರೇ. ಬಾಯಿ ತುಂಬ ವೀಳ್ಯ, ಮೇಜಿನ ಮೇಲೆ ಎಲೆಯಡಿಕೆ ಡಬ್ಬಿ. ನಾಗರ ಪಂಚಮಿಯಂದು ತೋಪಿನ ಹುತ್ತದ ಬಳಿ ಬಾಟಲಿ ಹೂಳಿದ್ದನ್ನೂ ಬಿಡದೆ, ನಾನು ಪ್ರಬಂಧವನ್ನು ಗಂಭೀರವಾಗಿ ಓದಿದೆ. ಕಾಡಿಗಿಂತ ನೀಲಗಿರಿ ತೋಪಿನಲ್ಲಿ ಮೂರು ಪಟ್ಟಿಗೂ ಹೆಚ್ಚು ಬಗೆಯ ಇರುವೆಗಳಿವೆಯೆಂದು ಸಾರಿದೆ. ವಿದ್ವಾಂಸರು ಅಗಿಯುವುದನ್ನು ನಿಲ್ಲಿಸಿದರು. ಬೆರಗಾದರೆಂದು ತಿಳಿದು ನಾನು ರೇಷ್ಮೆ ಬಟ್ಟೆ ಬಿಚ್ಚಿ, "ಇಗೋ, ಹಳದಿ ಹೊಟ್ಟೆಯ ಭೀಮಸೇನ!" ಎಂದು ಸೀಸೆಯನ್ನು ಎತ್ತಿ ಹಿಡಿದೆ.

ಸೀಸೆಯಲ್ಲಿ ಹಳದಿ ಇತ್ತು. ಆದರೆ ಅದು ಸ್ಪಿರಿಟ್ಟಿನಲ್ಲಿತ್ತು. ಭೀಮಸೇನರು ಬೆಳ್ಳಗೆ ಬಿಳಿಚಿಕೊಂಡು ತಳದಲ್ಲಿ ಬಿದ್ದಿದ್ದರು.

ವಿದ್ವಾಂಸರು ಸೀಸೆ ತೆಗೆದುಕೊಂಡರು. ಮುದ್ರೆ ಒಡೆದು ಮೂಸಿದರು. ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ತೆಗೆದು ತಟ್ಟೆಗೆ ಹಚ್ಚಿ, ಅದರ ಮೇಲೆ ಎರಡು ಹನಿ ಸ್ಪಿರಿಟ್ ಬಿಟ್ಟರು. ಕೆಂಪಗಾಯಿತು! ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ನಮ್ಮಲ್ಲಿ ಮದುವೆ ಕಂಡ ಯಾವ ಮಗುವಿಗಾದರೂ ಗೊತ್ತು.

"ಇದು ಮನೆಮನೇಲೂ ಇರೋ ಸಕ್ಕರೆ ಇರುವೆ. ಎಲ್ಲೋ ಅರಿಶಿನದ ಹಾಲು ಕುಡಿದಿದೆ," ಎಂದರು ಅವರು. "ರಾಯರೇ, ಆರತಿ ನೀರು ರೆಡಿಯಾಗಿದೆ. ನಿಮ್ಮ ಹೆಸರಿನವನಿಗೆ ಎತ್ತಿಬಿಡೋಣ್ವೇ?"

ಸಭೆಯಲ್ಲಿ ನಗು ಭುಗಿಲೆದ್ದಿತು. ಮುಗಿಯಿತು ನನ್ನ ಕತೆ ಎಂದುಕೊಂಡೆ.

ಆಗ ರಾಯರು ಎದ್ದು ನಿಂತರು. ಸ್ವಂತ ಹೆಸರಿಗೆ ಬಂದ ಕುತ್ತು ಮನುಷ್ಯನಿಗೆ ಎಂಥ ಬುದ್ಧಿ ಕೊಡುತ್ತದೆ! "ಇದನ್ನೇ," ಎಂದು ಗುಡುಗಿದರು, "ಇದನ್ನೇ ನಮ್ಮ ಸೀತಾರಾಮಯ್ಯ ತೋರಿಸಬೇಕು ಅಂತಿದ್ದದ್ದು! ಇರುವೆ ಸಮೀಕ್ಷೆ ಯಾವ ಯಾವ ಥರ ಕೆಡುತ್ತೆ ಅನ್ನೋದರ ಪ್ರಾತ್ಯಕ್ಷಿಕೆ ಇದು. ಹಬ್ಬದ ದಿನ, ಪೂಜೆ ಮಾಡಿದ ಹುತ್ತದ ಹತ್ರ ಬಾಟಲಿ ಹೂತರೆ ಏನಾಗುತ್ತೆ? ನೀವೇ ನೋಡಿದ್ರಿ! ಸೀತಾರಾಮಯ್ಯ, ಕಾಡಲ್ಲಿ ಮಾಡಿದ ತಪ್ಪುಗಳನ್ನೂ ಹೇಳಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ನಾನೂ ಎದೆಯುಬ್ಬಿಸಿ, ಕತ್ತು ಚಾಚಿದ ಬಾಟಲಿ, ಸೀಮೆಎಣ್ಣೆ ಆಲಿಕೆ, ಕೊನೆಗೆ ಛತ್ರಿ, ಎಲ್ಲವನ್ನೂ ಬೇಕೆಂದೇ ಮಾಡಿದವನಂತೆ ವಿವರಿಸಿದೆ. ಛತ್ರಿಯನ್ನು ತಲೆಯ ಮೇಲೆ ಹಿಡಿದ ಜಾಗಕ್ಕೆ ಬಂದಾಗ ವಿದ್ವಾಂಸರು ಹೊಟ್ಟೆ ಹಿಡಿದುಕೊಂಡರು. ಕಣ್ಣೊರೆಸಿಕೊಳ್ಳುತ್ತ ಎದ್ದು, "ಸರಿಯಾಗಿ ಮಾಡೋದನ್ನ ಹೇಳಿಕೊಡೋರು ಬೇಕಾದಷ್ಟು ಜನ ಸಿಕ್ತಾರೆ. ಇಷ್ಟು ಸಮಗ್ರವಾಗಿ ತಪ್ಪು ಮಾಡಿ ತೋರಿಸೋ ಮೇಷ್ಟ್ರು ಸಿಗಲ್ಲ. ಇವರನ್ನ ಬಿಡಬೇಡಿ," ಎಂದರು. ಚಪ್ಪಾಳೆಯೋ ಚಪ್ಪಾಳೆ!

ವಾರದೊಳಗೆ ಆರ್ಡರ್ ಕೈಗೆ ಬಂತು. ಮಲ್ಲಿಗೆ ಹೂವು, ಮೈಸೂರು ಪಾಕು ಹಿಡಿದುಕೊಂಡು, ಸೈಕಲ್ ಬೆಲ್ಲನ್ನು ಬೀದಿಯುದ್ದಕ್ಕೂ ಬಾರಿಸುತ್ತ ಮನೆಗೆ ಬಂದೆ.

"ಕಮಲಾ! ಖಾಯಂ! ನಿಮ್ಮಪ್ಪನಿಗೆ ಬರಿ. ಇನ್ನು ಬೇಸಿಗೇಲಿ ನಾವು ಬರಲ್ಲ, ಅವರೇ ಇಲ್ಲಿಗೆ ಬರಲಿ. ನೋಡಿದೆಯಾ, ವಿಜ್ಞಾನ ಕೈ ಬಿಡಲಿಲ್ಲ!"

ಅವಳು ಕಣ್ಣು ಮುಚ್ಚಿ ಎರಡೂ ಕೆನ್ನೆ ತಟ್ಟಿಕೊಂಡಳು. "ನಾಗಪ್ಪ ನಡೆಸಿಕೊಟ್ಟ. ನಿಮ್ಮ ಕೆಲಸ ಖಾಯಂ ಆಗಲಿ ಅಂತ ತಾನೇ ಅವತ್ತು ಹಾಲಿಗೆ ಒಂದು ಹಿಡಿ ಅರಿಶಿನ ಜಾಸ್ತಿ ಕಲಸಿ ಎರೆದದ್ದು! ಹರಕೇನೂ ಹೊತ್ತಿದ್ದೆ."

"ಏನಂತ?"

"ಖಾಯಂ ಆದ್ರೆ ನೀವು ಒದ್ದೆ ಬಟ್ಟೇಲಿ ಹುತ್ತಕ್ಕೆ ಪ್ರದಕ್ಷಿಣೆ ಹಾಕ್ತೀರಿ ಅಂತ."

"ನನ್ನನ್ನ ಒಂದು ಮಾತು ಕೇಳಬಾರದಾ?"

"ಕೇಳಿದ್ರೆ ವಿಜ್ಞಾನ ಅಂತಿದ್ರಿ."

ಮಾರನೆಯ ಬೆಳಿಗ್ಗೆ ಪ್ರಾಣಿಶಾಸ್ತ್ರದ ಖಾಯಂ ಲೆಕ್ಚರರ್ ಆದ ನಾನು ಒದ್ದೆ ಪಂಚೆಯುಟ್ಟು, ಬರಿಗಾಲಿನಲ್ಲಿ, ನೀಲಗಿರಿ ತೋಪಿನ ಹುತ್ತಕ್ಕೆ ಸುತ್ತು ಬರುತ್ತಿದ್ದೆ. ಕಮಲ ಮುಂದೆ ನಿಂತು ಹಾಲೆರೆಯುತ್ತಿದ್ದಳು. ಇರುವೆಗಳು ಹಾಲಿಗೂ ಬಂದವು, ನನ್ನ ಮೊಣಕಾಲಿಗೂ ಬಂದವು. ಅವುಗಳಲ್ಲೊಂದು ನಾನು ಹಿಂದೆಂದೂ ಕಾಣದ ಬಗೆಯದು, ಬೆನ್ನ ಮೇಲೆ ಮುಳ್ಳಿತ್ತು. ನೋಡೋಣವೆಂದು ಬಗ್ಗಿದೆ.

"ಏನ್ರೀ ಅದು, ನಿಲ್ಲಬೇಡಿ! ಕಚ್ಚಿದ್ರೆ ಕಚ್ಚಲಿ, ನಡೀರಿ!" ಎಂದಳು.

ಕಚ್ಚಿತು. ನಡೆದೆ.