ಹದಿನೈದು ಮೀಟರಿಗೊಂದು ಚೌಕಿ

ಟಾಕಿ ತುಂಬಿದೆಯೆಂಬುದು ನೀರಿನ ಸ್ವಂತ ಹೇಳಿಕೆಯಿಂದ ಸಾಬೀತಾಗತಕ್ಕದ್ದಲ್ಲ ಎಂಬುದು ನಿಗಡಿ ಊರಾಚೆಯ ಜಲಮಟ್ಟ ವಾರ್ತಾ ಮಂಡಳಿಯ ಮೊದಲ ನಿಯಮ.

ಟಾಕಿ, ಅಂದರೆ ನೀರಿನ ತೊಟ್ಟಿ, ಗುಡ್ಡದ ಮೇಲೆ. ಕಚೇರಿ, ಪಂಪು ಕೆಳಗೆ. ನಡುವೆ ಅರ್ಧ ಕಿಲೋಮೀಟರ್ ಸೀರಿಯಲ್ ಕೇಬಲ್. ನೀರಿನ ಮಟ್ಟ ಮೇಲಿನಿಂದ ಅಂಕಿಯಾಗಿ ಹೊರಟು ಕೆಳಗಿನ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬೀಳುತ್ತಿತ್ತು. ಟಾಕಿ ತಮ್ಮನ್ನೇ ಪ್ರಶ್ನಿಸುತ್ತಿದೆಯೆಂದು ತಿಳಿದ ಮುಖ್ಯಾಧಿಕಾರಿ ಚಂದ್ರಪ್ಪನವರು ಅದಕ್ಕೆ ಶಿಸ್ತುಕ್ರಮದ ನೋಟಿಸು ಅಂಟಿಸಿದರು.

ಧಾರವಾಡದಿಂದ ಬಂದು ಎಂಜಿನಿಯರಾಗಿ ಸೇರಿದ್ದ ರೇಣುವಿಗೆ ತಡೆಯಲಾಗಲಿಲ್ಲ.

"ಸರ್, ಈ ನಮೂನಿ ಕೇಬಲ್ ಹದಿನೈದು ಮೀಟರ್ ದಾಟಿದ್ರ ತೊದಲ್ತದ್ರಿ. ಎರಡು ತಂತಿ ಹೊಸೆದದ್ದು ಬ್ಯಾರೆ ಸಿಗ್ತದ. ಕಿಲೋಮೀಟರ್ ದೂರಾನೂ ಆರಾಮ ಹೋಗ್ತದ."

"ಹೊಸೆದದ್ದಾ? ನಾಳೆ ತಪ್ಪಾದ್ರ ಯಾವ ತಂತಿಗೆ ಕೇಳೂದವಾ?"

ರೇಣು ಹಣೆ ಚಚ್ಚಿಕೊಂಡಳು. ಅದನ್ನೇ ಒಪ್ಪಿಗೆಯೆಂದು ದಾಖಲಿಸಿಕೊಂಡು ಆದೇಶ ಹೊರಟಿತು: 'ಕೇಬಲನ್ನು ಹದಿನೈದು ಮೀಟರಿಗೊಮ್ಮೆ ಕತ್ತರಿಸತಕ್ಕದ್ದು. ತುಂಡಿಗೊಂದು ಚೌಕಿ, ಚೌಕಿಗೊಬ್ಬ ಪುನರುಚ್ಚಾರಣಾಧಿಕಾರಿ. ಮೇಲಿನಿಂದ ಬಂದದ್ದನ್ನು ಓದಿ, ಮನನ ಮಾಡಿ, ಕೆಳಕ್ಕೆ ಟೈಪಿಸತಕ್ಕದ್ದು.'

ಚಂದ್ರಪ್ಪನವರಿಗೆ ಬೀಗರು, ಭಾವಮೈದುನರು ಗುಡ್ಡದುದ್ದಕ್ಕೂ ಹೆಚ್ಚೂಕಡಿಮೆ ಸಾಲುವಷ್ಟಿದ್ದರು. ಉಳಿದ ಒಂದು ಚೌಕಿಗೆ ರೇಣುವನ್ನು ಕೂರಿಸಿದರು.

ಉದ್ಘಾಟನೆಯ ದಿನವೇ ಟಾಕಿ ಉಕ್ಕಿ, ಇಳಿಜಾರಿನಲ್ಲಿದ್ದ ಹುಲಿಗೆವ್ವನ ತಗಡಿನ ಮನೆಗೆ ನೀರು ನುಗ್ಗಿತು. ಪಂಪು ನಡೆಸುವ ಭೀಮು ಅವಳ ಗಂಡನೇ.

"ಪಂಪ್ ಬಂದ್ ಮಾಡ್ರಿ! ಹಿಟ್ಟಿನ ಡಬ್ಬಿ ತೇಲಾಕತ್ತದ!" ಎಂದು ಅವಳು ಹೊಯ್ಕೊಂಡಳು.

ಭೀಮು ಬಂದ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂಗಿದ: "ಕಾಣಾಕತ್ತದ! ಆದ್ರ ಸುದ್ದಿ ಬಂದಿಲ್ಲ!"

ರೇಣು ಚೌಕಿ ಬಿಟ್ಟು ಎದ್ದುಬಿದ್ದು ಓಡಿ, ಅವನ ಬೆರಳಿನ ಮೇಲೆ ತನ್ನ ಬೆರಳು ಒತ್ತಿಯೇಬಿಟ್ಟಳು. ಪಂಪು ನಿಂತಿತು.

ಚಂದ್ರಪ್ಪನವರಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. "ನೀನೇ ಓಡಿಬಂದ್ರ, ಪಾಪ, ಸುದ್ದಿ ಯಾರ ಕೈಗೆ ಬರಬೇಕವಾ?"

ಕ್ರಮಬದ್ಧವಾಗಿ ಬಂದ್ ಮಾಡುವ ಸಲುವಾಗಿ ಪಂಪನ್ನು ಮತ್ತೆ ಚಾಲೂ ಮಾಡಲಾಯಿತು. ಸುದ್ದಿಗಿಂತ ಮೊದಲು ಬಂದ ನೀರು ಅನಧಿಕೃತವೆಂದೂ, ಅದರಲ್ಲಿ ಒದ್ದೆಯಾದವರು ಒದ್ದೆಯಾಗಿಲ್ಲವೆಂದೂ ಪ್ರಕಟಣೆ ಹೊರಬಿತ್ತು. ರೇಣು ವಾರವಿಡೀ ಮಂದಿ ಎದುರು ತಲೆಯೆತ್ತಲಿಲ್ಲ. ಆಮೇಲೆ ರೂಢಿಯಾಯಿತು.

ಜ್ಯೇಷ್ಠದ ಕೊನೆಯ ವಾರದ ಒಂದು ಮಧ್ಯಾಹ್ನ ಹುಲಿಗೆವ್ವ ಸ್ಟೋವನ್ನು ಮಂಚದ ಮೇಲೇರಿಸಿಕೊಂಡು, ಬಾಗಿಲಿಂದಲೇ ಪಕ್ಕದ ಚೌಕಿಯಲ್ಲಿದ್ದ ರೇಣುವನ್ನು ಕೇಳಿದಳು:

"ಅಕ್ಕಾರ, ಸುದ್ದಿ ಎಲ್ಲೀಮಟ ಬಂತ್ರಿ?"

"ಈಗ ನನ್ನ ಕಡೆ ಬಂದದವ್ವಾ. ಮುಂದಿನ ಚೌಕಿಯವ್ರು ಸಾಸವಡಕ್ಕ ಸಂತರ ಪಲ್ಲಕ್ಕಿ ಮೆರವಣಿಗಿ ನೋಡಾಕ ಹೋಗ್ಯಾರ."

"ಹಂಗಾರ ನಾಳೆ ಆತು ಬಿಡ್ರಿ. ಬರ್ರಿ, ಚಾ ಮಾಡೀನಿ."

ರೇಣು ಸಲವಾರನ್ನು ಮೊಣಕಾಲತನಕ ಮಡಿಚಿಕೊಂಡು ಒಳಗಿನ ನೀರಿಗಿಳಿದಳು.

"ಇವತ್ತ ನೀರು ಬೆಚ್ಚಗದ," ಅಂದಳು.