ಹನ್ನೊಂದು ಕ್ಯಾಮೆರಾ, ಒಬ್ಬರು ಅತ್ತೆ

ಅಗ್ಗದ ವಸ್ತುಗಳಿಗೆ ಚರಿತ್ರೆಯಲ್ಲಿ ಜಾಗವಿಲ್ಲ. ನಮ್ಮ ಮನೆಯ ಬೀರುವಿನಲ್ಲೂ ಇಲ್ಲ. ಮೊದಲ ಅನ್ಯಾಯದ ಬಗ್ಗೆ ನನ್ನ ಅಂಕಣದಲ್ಲಿ ಮೂರು ವಾರ ಕಿಡಿಕಾರಿದೆ. ಎರಡನೆಯದರ ಬಗ್ಗೆ ಕಿಡಿಕಾರುವ ಧೈರ್ಯವಿಲ್ಲ. ಬೀಗದ ಕೈ ಹೆಂಡತಿಯ ಬಳಿ ಇದೆ.

ಗುಜರಿಯಿಂದ ತಂದ ಹಳೆಯ ರೀಲು ಕ್ಯಾಮೆರಾಗಳು ನನ್ನ ಬಳಿ ಹನ್ನೊಂದಿವೆ. (ಹನ್ನೆರಡನೆಯದು ಬೂಟಿನೊಳಗಿದೆ, ಯಾರಿಗೂ ಹೇಳಬೇಡಿ.)

"ರೀ, ಇವುಗಳಲ್ಲಿ ಒಂದಾದ್ರೂ ಫೋಟೋ ತೆಗೆಯುತ್ತಾ?" ಎಂದಳು ಹೆಂಡತಿ. "ಭಾನುವಾರದೊಳಗೆ ಒಂದು ತೋರ್ಸಿ. ಇಲ್ಲಾಂದ್ರೆ ಅಷ್ಟೂ ವಾಪಸ್ ಗುಜರಿಗೆ."

ನಮ್ಮ ಜೊತೆಗೇ ಇರುವ ಅತ್ತೆ ಪಾಪ, ಫೋಟೋಗಾಗಿ ಸಿಂಹಾಸನಾರೋಹಣಕ್ಕೆ ಒಪ್ಪಿದರು. ಕಿಟಕಿಯ ಪಕ್ಕ ಕೂರಿಸಿ, ಕ್ಲಿಕ್ಕಿಸುತ್ತಲೇ ಉಪದೇಶ ಶುರು ಮಾಡಿದೆ.

"ನೋಡಿ ಅತ್ತೆ, ಒಂದು ಕಾಲದಲ್ಲಿ ಚಿತ್ರ ಅಂದ್ರೆ ದೊಡ್ಡವರ ಸೊತ್ತು. ಇಂಥ ಅಗ್ಗದ ಡಬ್ಬಗಳು ಬಂದ ಮೇಲೇ ಸಾಮಾನ್ಯರ ಮನೆ ಗೋಡೆಗೂ ಮುಖ ಬಂದಿದ್ದು."

"ಅಳಿಯಂದಿರೇ, ಆ ಗುಂಡಿ..."

"ಅಲ್ಲಾಡ್ಬೇಡಿ! ಕತ್ತಲಲ್ಲಿ ನಿಂತು ರೀಲು ತೊಳೆದವರನ್ನ ಯಾರಾದ್ರೂ ಮಾತಾಡ್ಸಿದ್ರಾ?"

"ಅದೇ, ಎಡಗಡೆ ಗುಂಡಿ..."

"ಮಾತಾಡಿದ್ರೆ ಮುಖ ಕದಡುತ್ತೆ ಅತ್ತೆ!"

ಮೂವತ್ತಾರು ಚಿತ್ರಗಳ ರೀಲು ನಲವತ್ತನಾಲ್ಕರವರೆಗೂ ಓಡಿತು. ಹಳೆಯ ಕಾಲದ ಔದಾರ್ಯಕ್ಕೆ ನನ್ನ ಕಣ್ಣು ತುಂಬಿ ಬಂತು.

ಶನಿವಾರ ಸ್ಟುಡಿಯೋದವನು ರೀಲನ್ನು ನನ್ನ ಕೈಗಿಟ್ಟ. "ಒಂದು ಚಿತ್ರವೂ ಬಿದ್ದಿಲ್ಲ ಸಾರ್. ರೀಲಿನ ತುದಿ ಒಳಗಡೆ ಚಕ್ರದ ಹಲ್ಲಿಗೆ ಸಿಕ್ಕೇ ಇಲ್ಲ. ನೀವು ಕ್ಲಿಕ್ಕಿಸ್ತಾ ಇದ್ರಿ, ಅದು ಹಾಯಾಗಿ ಮಲಗಿತ್ತು."

ಸುದ್ದಿ ಕೇಳಿದ್ದೇ ಹೆಂಡತಿ ಗೋಣಿಚೀಲ ತಂದಳು.

"ಚೀಲ ಆಮೇಲೆ" ಎಂದರು ಅತ್ತೆ. "ರೀಲು ಓಡ್ತಿದ್ರೆ ಎಡಗಡೆ ಗುಂಡಿ ತಾನೂ ತಿರುಗ್ಬೇಕು. ತಿರುಗ್ತಾ ಇರ್ಲಿಲ್ಲ. ಹೇಳೋಣ ಅಂದ್ರೆ ನೀವು ರೀಲು ತೊಳೆದವರ ಕಷ್ಟ ಹೇಳ್ತಾ ಇದ್ರಿ."

"ನಿಮಗೆ ಹೇಗೆ ಗೊತ್ತು ಇದೆಲ್ಲ?"

"ಮದುವೆಗೆ ಮುಂಚೆ ಒಂಬತ್ತು ವರ್ಷ ತೊಳೆದಿದ್ದೀನಿ. ಸ್ಟುಡಿಯೋ ಕತ್ತಲೆಕೋಣೇಲಿ."

ಹದಿನೇಳು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ನಾನು ಕೇಳಿರಲಿಲ್ಲ.

ಅತ್ತೆ ಹೊಸ ರೀಲನ್ನು ನೋಡದೆಯೇ ಬೆರಳ ತುದಿಯಲ್ಲಿ ಸಿಕ್ಕಿಸಿದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಬಾಯಿ ಮುಚ್ಚಿ" ಎಂದರು. ಒಂದೇ ಕ್ಲಿಕ್ಕು.

ಕ್ಯಾಮೆರಾಗಳು ಉಳಿದವು, ಅತ್ತೆಯ ಬೀರುವಿನಲ್ಲಿ. ಮುಟ್ಟಬೇಕೆಂದರೆ ಅವರನ್ನು ಕೇಳಬೇಕು. ಚಿತ್ರ ಬಹಳ ಚೆನ್ನಾಗಿ ಬಂದಿದೆ, ಬಾಯಿ ಮುಚ್ಚಿಯೇ ಇದೆ; ಹೆಂಡತಿ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಬಂದವರೆಲ್ಲ ಅದರ ಮುಂದೆ ನಿಂತು, ನನ್ನನ್ನೇ ಕೇಳುತ್ತಾರೆ: "ಇವರ್ಯಾರು?"