ನಗದೇ ಹೋದ ಕಲ್ಲಂಗಡಿ ಹುಳಗಳು

ಹೊಲ ಮಾಡುವವರು ನಗೆಯ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ಬಳ್ಳಿಯ ಹಾಗೆ ಅದೇ ಬಂದು ಕಾಲಿಗೆ ಸುತ್ತಿಕೊಳ್ಳುತ್ತದೆ. ನನ್ನ ಕಾಲಿಗೆ ಮೊದಲು ಸುತ್ತಿಕೊಂಡದ್ದು ಗಂಡನ ಅಣ್ಣನ ಮಾತು. ನಮ್ಮವರು ತೀರಿಕೊಂಡ ಮರುವರ್ಷ, ಮನಗೂಳಿ ಹತ್ತಿರದ ನಮ್ಮ ಪಾಲಿನ ಎರಡು ಎಕರೆಗೆ ನಾನೇ ಕಲ್ಲಂಗಡಿ ಹಾಕುತ್ತೇನೆ ಎಂದೆ. ಬಾವ ಕಟ್ಟೆಯ ಮೇಲೆ ಹಿರಿಯರ ಎದುರಿಗೇ ಹೇಳಿದರು:

“ಹೆಣ್ಮಗಳು ಕಲ್ಲಂಗಡಿ ಬೆಳದ್ರ ಒಳಗಿನ ಹುಳ ಸೈತ ನಗ್ತಾವ. ಇದೊಂದು ಬ್ಯಾಸಗಿ ನೋಡೋಣು. ಬೆಳಿ ಕೆಟ್ಟರ ಹೊಲ ನಾ ಮಾಡ್ತೇನಿ, ನೀ ಮನ್ಯಾಗ ರೊಟ್ಟಿ ಬಡಿ.”

“ಆತ್ರಿ ಬಾವಾರ,” ಎಂದೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಕಲಿತದ್ದು ಕಿರಾಣಿ ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟ ಪೇಪರಿನಲ್ಲಿ. ಹಟವನ್ನು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ.

೧. ಅರ್ಧ ಪೇಪರು

ಕಾಯಿ ಲಿಂಬಿಹಣ್ಣಿನಷ್ಟಾಗಿತ್ತು, ನೊಣ ಬಂತು. ಮನೆಯ ನೊಣವಲ್ಲ. ಕಣಜದ ಹುಳದ ಹಾಗೆ ಸಣ್ಣ ನಡ, ಗಾಜಿನಂಥ ರೆಕ್ಕೆ. ಎಳೆಗಾಯಿಗೆ ಸೂಜಿ ಚುಚ್ಚಿದಂತೆ ಚುಚ್ಚಿ ತತ್ತಿಯಿಟ್ಟು ಹೋಗುತ್ತದೆ. ಹೊರಗೆ ಸಾಸಿವೆಯಷ್ಟು ಚುಕ್ಕೆ, ಒಳಗೆ ತುಂಬಿದ ಸಂಸಾರ. ಒಂದು ಕಾಯಿ ಸೀಳಿ ನೋಡಿದೆ. ಅಕ್ಕಿಕಾಳಿನಷ್ಟು ಹುಳ ಬಿಲ್ಲಿನಂತೆ ಬಾಗಿ, ಚಂಗನೆ ಹಾರಿ ನನ್ನ ಮೂಗಿಗೆ ಬಡಿಯಿತು. ಸಿಟ್ಟಿಗಿಂತ ಮೊದಲು ಬೆರಗಾಯಿತು. ಕೈಯಿಲ್ಲ, ಕಾಲಿಲ್ಲ, ಏನು ಹಾರಾಟ!

ಆ ವಾರದ ಸಕ್ಕರೆ ಪೇಪರಿನಲ್ಲಿ ಈ ನೊಣದ ವಿಷಯವೇ ಬಂದಿತ್ತು. “ಕೊಳೆತ ಕಾಯಿಗಳನ್ನು ದಿನವೂ ಆರಿಸಿ, ಒಂದೆಡೆ ಕೂಡಿಸಿ” ಎನ್ನುವಲ್ಲಿಗೆ ಪೇಪರು ಹರಿದಿತ್ತು. ಎಂಟು ದಿನ ಆರಿಸಿ ಆರಿಸಿ ಬದುವಿನ ಮೇಲೆ ತಿಪ್ಪೆಯ ಹಾಗೆ ಒಟ್ಟಿದೆ. ನೊಣ ಎರಡು ಪಟ್ಟಾದವು. ಅಂಗಡಿಯವನನ್ನು ಹೋಗಿ ಹಿಡಿದೆ.

“ಉಳಿದ ಅರ್ಧ ಎಲ್ಲಿ?”

“ನಿಮ್ಮ ಬಾವಾರ ಮನಿಗೆ ಬ್ಯಾಳಿ ಕಟ್ಟಿಕೊಟ್ಟೇನ್ರಿ ಯಕ್ಕಾ.”

ಬಾವನ ಅಡುಗೆಮನೆಯಲ್ಲಿ ಆ ಪೇಪರು ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿತ್ತು. ಭರಣಿ ಎತ್ತಿ ಓದಿದೆ: “ಆಳವಾದ ಕುಣಿಯಲ್ಲಿ ಹೂಳಬೇಕು. ಹೊಲದಲ್ಲಿಯೇ ಒಟ್ಟಿದರೆ ನೊಣಗಳನ್ನು ಸಾಕಿದಂತೆ.”

ಬಾವ ಪಡಸಾಲೆಯಿಂದ ಕೂಗಿದರು: “ಏನವಾ ಅದು, ಅಷ್ಟು ಲಕ್ಷ್ಯಗೊಟ್ಟು ಓದಾಕತ್ತೀದಿ?”

“ಏನಿಲ್ರಿ ಬಾವಾರ. ಎಂಟು ದಿನದಿಂದ ನಾ ನೊಣ ಮೇಸಾಕತ್ತೇನಂತ.”

೨. ಸೆರೆ ಅಂಗಡಿ

ಒಟ್ಟಿದ್ದನ್ನೆಲ್ಲ ಅಂದೇ ಕುಣಿ ತೋಡಿ ಹೂತೆ. ಅದೇ ಅರ್ಧ ಪೇಪರಿನಲ್ಲಿ ಇನ್ನೊಂದು ಮಾತಿತ್ತು: ಬಾಟಲಿಗೆ ತೂತು ಮಾಡಿ, ಒಳಗೆ ವಾಸನೆಯ ಔಷಧದಲ್ಲಿ ನೆನೆಸಿದ ಕಟ್ಟಿಗೆ ತುಂಡು ತೂಗಬಿಟ್ಟರೆ ಗಂಡು ನೊಣಗಳೆಲ್ಲ ಬಂದು ಬೀಳುತ್ತವೆ. ನಿಡಗುಂದಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಖಾಲಿ ನೀರಿನ ಬಾಟಲಿ ಆರಿಸಿ ತಂದೆ. ತುಂಡುಗಳನ್ನು ತೋಟಗಾರಿಕೆ ಕಚೇರಿಯಿಂದ ತಂದೆ. ಮುಂಜಾನೆ ಕಟ್ಟಿದ ಬಾಟಲಿ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬೆರಳಿನಷ್ಟು ತುಂಬಿತ್ತು. ನಮ್ಮ ಮೂಗಿಗೆ ತಿಳಿಯದ ವಾಸನೆ, ಅವು ಯಾವ ಸೀಮೆಯಿಂದ ಹಿಡಿದುಕೊಂಡು ಬಂದವೋ! ನಾನು ಬಾಯಿ ತೆರೆದು ನಿಂತುಬಿಟ್ಟೆ.

ಬುತ್ತಿ ತಂದ ಅತ್ತೆ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು.

“ಎಲ್ಲಾ ಗಂಡಸರ ಏನ?”

“ಹೂಂ ಅತ್ತಿ.”

“ಹೆಣ್ಣು ಒಂದೂ ಹೋಗಿಲ್ಲ?”

“ಒಂದೂ ಇಲ್ಲ.”

“ಹಂಗಾರ ಇದು ನೊಣಗೋಳು ಕುಡಿಯಾಕ ಕೂಡೂ ಸೆರೆ ಅಂಗಡಿ ಬಿಡು.”

೩. ಬಾವನ ಔಷಧ

ಬದುವಿನ ಆಚೆ ಬಾವನದೂ ಕಲ್ಲಂಗಡಿಯೇ, ನನ್ನದಕ್ಕಿಂತ ತಡವಾಗಿ ಹಾಕಿದ್ದು. ನನ್ನ ಬಾಟಲಿ ಕಂಡು ಅವರಿಗೆ ನಗು. ಎಲ್ಲಕ್ಕಿಂತ ಜೋರಿನ ಔಷಧ ತಂದು, ಹೂ ಅರಳಿ ಜೇನ್ನೊಣ ಗುಂಯ್‌ಗುಡುವ ಹೊತ್ತಿನಲ್ಲೇ ಹೊಡೆದರು. ಹೂವಿನಿಂದ ಹೂವಿಗೆ ಹುಡಿ ಒಯ್ದು ಕಾಯಿ ಕಟ್ಟಿಸುವವೇ ಆ ಜೇನ್ನೊಣ. ಮಾರನೇ ದಿನ ಆ ಹೊಲ ಗಪ್ಪಾಗಿತ್ತು. ಅಂಥ ಸಣ್ಣ ರೆಕ್ಕೆಯ ಮೇಲೆ ಇಡೀ ಬೆಳೆ ನಿಂತಿದೆಯಲ್ಲ ಎಂದು ನನಗೆ ಆಗಲೇ ಮೈ ಜುಮ್ಮೆಂದದ್ದು.

ಹದಿನೈದು ದಿನಕ್ಕೆ ಬಾವ ಬದುವಿನ ಮೇಲೆ ನಿಂತು ಮೀಸೆ ತಿರುವಿದರು. “ನೋಡು, ಬಳ್ಳಿ ಹೆಂಗ ಹಸರಾಗೇತಿ! ನನ್ನ ಹೊಲದಾಗ ಒಂದ ಹುಳ ತೋರ್ಸು.”

ನಾನು ಅತ್ತಿಂದಿತ್ತ ನೋಡಿದೆ. “ಖರೇನ್ರಿ ಬಾವಾರ, ಒಂದೂ ಇಲ್ಲ. ಒಂದ ಕಾಯಿ ತೋರಸ್ರಿ.”

೪. ಹುಳ ನಕ್ಕವೇನು?

ಕಾಯಿ ಕೀಳುವ ದಿನ ಬಾವ ಬಿಳಿ ಅಂಗಿ ತೊಟ್ಟು, ಕಟ್ಟೆಯ ಹಿರಿಯರನ್ನು ಕರೆದುಕೊಂಡೇ ಬಂದರು. ನನ್ನ ಹೊಲ ಹೋಗುವುದೋ ಉಳಿಯುವುದೋ ಅಂದೇ ತೀರಬೇಕಿತ್ತು. ಬಾವ ಬಗ್ಗಿ ಬಗ್ಗಿ ಹುಡುಕಿ, ಮೈಮೇಲೆ ಬೂದು ಚುಕ್ಕೆಯಿದ್ದ ಕಾಯಿಯನ್ನೇ ಆರಿಸಿದರು.

“ಇದನ್ನ ಕೊಯ್ರಿ.”

ನೊಣ ಚುಚ್ಚಿದ ಗುರುತೇ ಅದು. ಒಳಗೇನಿದೆ ಎಂದು ನನಗೂ ಗೊತ್ತಿರಲಿಲ್ಲ. ಹಿರಿಯರೊಬ್ಬರು ಕುಡಗೋಲು ಹಾಕಿದ ಕೂಡಲೇ ಕಾಯಿ ಪಟ್ಟನೆ ಎರಡಾಯಿತು. ಒಳಗೆಲ್ಲ ಕೆಂಪು. ಚುಚ್ಚಿದ ಗಾಯ ಸಿಪ್ಪೆಯಲ್ಲೇ ಮಾಯ್ದು ಗಟ್ಟಿಯಾಗಿತ್ತು.

ಅತ್ತೆ ಒಂದು ಹೋಳು ಎತ್ತಿ ಕಿವಿಗೆ ಹಿಡಿದುಕೊಂಡರು. ಕಣ್ಣು ಮುಚ್ಚಿ ಕೇಳಿದರು.

“ನಗೂ ಸಪ್ಪಳ ನನಗರೆ ಕೇಳವಲ್ದು. ವಯಸ್ಸಾತು. ನೀನ ಕೇಳಿ ನೋಡಪಾ,” ಎಂದವರೇ ಆ ಹೋಳನ್ನು ಮಗನ ಕಿವಿಗೆ ಒತ್ತಿದರು. ರಸ ಕುತ್ತಿಗೆಗುಂಟ ಇಳಿದು ಬಿಳಿ ಅಂಗಿಯೆಲ್ಲ ಕೆಂಪಾಯಿತು. ಹಿರಿಯರು ನಕ್ಕು ನಕ್ಕು ಬದುವಿನ ಮೇಲೆ ಕೂತರು.

ಬಾವ ಕಿವಿಯೊಳಗಿನ ಬೀಜ ತೆಗೆಯುತ್ತ ನನ್ನ ಕಡೆ ನೋಡದೆಯೇ ಹೇಳಿದರು: “ಆ ಸೆರೆ ಅಂಗಡಿ... ನನ್ನ ಹೊಲದಾಗೂ ಎರಡು ತೆರಿ.”

ಈಗ ಆ ಎರಡು ಎಕರೆ ನನ್ನ ಹೆಸರಿನಲ್ಲಿದೆ. ಪಕ್ಕದ ಒಂದೂವರೆ ಎಕರೆ ನಾನೇ ಕೊಂಡದ್ದು. ಒಂದು ಬಾವಿಯಿದೆ, ಮೂವತ್ತು ಬಾಟಲಿಗಳಿವೆ. ಇಷ್ಟಕ್ಕೆ ನಾನು ತೆತ್ತದ್ದು ಬಗ್ಗಿಹೋದ ನಡ, ಕಾಯಿ ಕೀಳುವ ವಾರದಲ್ಲೇ ಬಂದು ತಪ್ಪಿಹೋದ ತಂಗಿಯ ಮದುವೆ, ಮತ್ತೆ ಒಂದು ಚಾಳಿ: ಬೀಗರ ಮನೆಯಲ್ಲಿ ಬಾಳೆಹಣ್ಣು ಕೊಟ್ಟರೂ ನಾನು ಅದನ್ನು ಸೀಳಿ, ಬೆಳಕಿಗೆ ಹಿಡಿದು, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ತಿನ್ನುತ್ತೇನೆ.